ನರಸಿಂಹಾಚಾರ್ಯರ ಎರಡು ಕೈಗಳು

1984ರ ಬೇಸಿಗೆಯಲ್ಲಿ ನಾನು ಆದೋನಿಯ ಆಸ್ಪತ್ರೆಯೊಂದರ ಗಂಡಸರ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಹುಟ್ಟೂರು ಆಲೂರು. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ನನ್ನ ಕೈ ಹಗುರ ಎಂಬ ಹೆಸರಿದ್ದುದರಿಂದ ಸುಟ್ಟ ಗಾಯಗಳ ಡ್ರೆಸಿಂಗ್‌ಗೆ ನನ್ನನ್ನೇ ಕರೆಯುತ್ತಿದ್ದರು. ಆದರೆ ಆ ಕೆಲಸದಲ್ಲಿ ಕೈ ಹಗುರವಿದ್ದು ಪ್ರಯೋಜನವಿರಲಿಲ್ಲ. ಗಾಯಕ್ಕೆ ಹಾಕಿದ ಗಾಜ್ ಬಟ್ಟೆ ಮರುದಿನದ ಹೊತ್ತಿಗೆ ಒಣಗಿ ಅಂಟಿಕೊಂಡುಬಿಡುತ್ತಿತ್ತು. ಸೆಲೈನ್ ಸುರಿದು ಎಷ್ಟು ನೆನೆಸಿದರೂ, ಬಿಡಿಸುವಾಗ ಆಗತಾನೆ ಮೂಡಿದ ಚರ್ಮವೂ ಕಿತ್ತುಬರುತ್ತಿತ್ತು. ದಿನಾ ಗಾಯ ತೊಳೆಯುತ್ತಿದ್ದೆವು, ದಿನಾ ಹೊಸ ಗಾಯ ಮಾಡುತ್ತಿದ್ದೆವು.

ಆ ಏಪ್ರಿಲ್‌ನಲ್ಲಿ ನಂದವರಂ ಕಡೆಯಿಂದ ನರಸಿಂಹಾಚಾರ್ಯರೆಂಬ ಅರ್ಚಕರನ್ನು ಕರೆತಂದರು. ವಯಸ್ಸು ಐವತ್ತರ ಹತ್ತಿರ. ನೈವೇದ್ಯದ ಪಾಯಸದ ಕೊಳಗ ಒಲೆಯಿಂದ ಇಳಿಸುವಾಗ ಜಾರಿ, ಎರಡೂ ಕೈ ಮಣಿಕಟ್ಟಿನಿಂದ ಬೆರಳತುದಿಯವರೆಗೆ ಬೆಂದಿದ್ದವು. ನಾನು ಗಾಜ್ ಬಿಡಿಸುವಾಗ ಅವರು ಅಳುತ್ತಿರಲಿಲ್ಲ. ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಕಾಲಿನ ಬೆರಳುಗಳು ಮಾತ್ರ ಹಾಸಿಗೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದವು. ಗಾಯ ಮಾಯುವುದು ತಡವಾದರೆ ಬೆರಳುಗಳು ಮಡಚಿಕೊಂಡು ಹಾಗೇ ನಿಂತುಬಿಡುತ್ತವೆ ಎಂದು ನಮ್ಮ ಸರ್ಜನ್ ಡಾ. ವೆಂಕಟರಮಣ ಅವರಿಗೆ ಆತಂಕವಿತ್ತು.

ಡಾಕ್ಟರ ಸಹಪಾಠಿಯೊಬ್ಬರು ಮದರಾಸಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅವರು ಪ್ರಯೋಗಕ್ಕೆಂದು ಎಂಟು ಹಾಳೆ ಕಳಿಸಿದ್ದರು. ಈರುಳ್ಳಿಯ ಒಳಪದರದಂತೆ ತೆಳ್ಳಗಿದ್ದ ಅವು ಕೊಲಾಜೆನ್ ಹಾಳೆಗಳು. ಕೊಲಾಜೆನ್ ಎಂದರೆ ಪ್ರಾಣಿಗಳ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನು. ಹಾಳೆಯನ್ನು ಕೀವಾಗದಂತೆ ತಡೆಯುವ ಜೆಂಟಾಮೈಸಿನ್ ದ್ರಾವಣದಲ್ಲಿ ನೆನೆಸಿದರೆ ಅದು ಔಷಧಿಯನ್ನು ಹೀರಿಕೊಳ್ಳುತ್ತದೆ. ಗಾಯದ ಮೇಲೆ ಹಾಸಿದ ನಂತರ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ದಿನಾ ತೆಗೆಯಬೇಕಿಲ್ಲ. ಕೆಳಗೆ ಚರ್ಮ ಬಂದಂತೆ ತಾನೇ ಉದುರುತ್ತದೆ. ಇದನ್ನು ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಆಚಾರ್ರಿಗೆ ಇವತ್ತೇ ಹಾಕೋಣ" ಎಂದರು ಡಾಕ್ಟರು.

"ಇದು ದನದ ಚರ್ಮದ್ದು ಅಂತ ಅವರಿಗೆ ಹೇಳೋದು ಬ್ಯಾಡೇನ್ರಿ ಸರ್?"

"ಚೆಪ್ಪೊದ್ದಮ್ಮಾ!" ಹೇಳಬೇಡ ಎಂದು ತೆಲುಗಿನಲ್ಲಿ ಗದರಿದ ಅವರು ಕನ್ನಡಕ್ಕೆ ಹೊರಳಿದರು. "ಹೇಳಿದ್ರ ಬ್ಯಾಡಂತಾರ. ಬ್ಯಾಡಂದ್ರ ಬೆರಳು ಹೋಗ್ತಾವ. ಹೊಲಿಗಿ ಹಾಕೋ ದಾರ ಕುರಿ ಕರುಳಿಂದ ಬರ್ತೈತಿ. ಅದನ್ನ ಯಾರಿಗೆ ಹೇಳೀವಿ?"

ನಾನು ಟ್ರೇ ಹಿಡಿದುಕೊಂಡು ಆಚಾರ್ಯರ ಮಂಚಕ್ಕೆ ಹೋದೆ. ಹಾಳೆಯನ್ನು ದ್ರಾವಣಕ್ಕೆ ಇಳಿಸುವಷ್ಟರಲ್ಲಿ ಆಚಾರ್ಯರೇ ಕೇಳಿದರು: "ಇದೇನ್ರಿ ಸಿಸ್ಟರಮ್ಮ, ಹೊಸಾದು? ಯಾತರಿಂದ ಮಾಡ್ಯಾರ?"

'ಔಷಧಿ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವರು ಬೆಂದ ಕೈಗಳನ್ನು ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದರು. ನಿಜ ಹೇಳಿಬಿಟ್ಟೆ. ಆಕಳೋ ಎಮ್ಮೆಯೋ ನನಗೆ ತಿಳಿಯದು ಎಂಬುದನ್ನೂ ಹೇಳಿದೆ.

ಅವರು ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು. "ದೇವರ ಮೈ ಮುಟ್ಟೋ ಕೈ ಇವು. ಬ್ಯಾಡ್ರಿ."

ಡಾಕ್ಟರು ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಪಕ್ಕದ ಮಂಚದಲ್ಲಿ ಸಿ. ಬೆಳಗಲ್ ಊರಿನ ಕುರಿಗಾರ ಬೀರಪ್ಪ ಇದ್ದ. ಹೊದ್ದ ಕಂಬಳಿಗೆ ಬೆಂಕಿ ತಗುಲಿ ಮೊಣಕಾಲಿನ ಕೆಳಗೆ ಸುಟ್ಟಿತ್ತು. ಅವನಿಗೂ ವಿಷಯ ವಿವರಿಸಿದೆ. "ಚರ್ಮದ ಮ್ಯಾಲೆ ಚರ್ಮ ಹಾಕಿದ್ರ ತಪ್ಪೇನೈತಿ? ಹಾಕವ್ವ" ಎಂದು ನಕ್ಕ. ಐದು ಹಾಳೆ ಅವನ ಕಾಲಿಗೆ ಹೋದವು. ಅಂದು ಮಧ್ಯಾಹ್ನ ಅವನು ಗೊರಕೆ ಹೊಡೆದು ಮಲಗಿದ. ಮರುದಿನ, ಅದರ ಮರುದಿನ, ಅವನ ಕಾಲನ್ನು ನೋಡುವುದಷ್ಟೇ ನನ್ನ ಕೆಲಸ. ಕೀವಿಲ್ಲ, ವಾಸನೆಯಿಲ್ಲ. ಅದೇ ಟ್ರೇ ಹಿಡಿದು ಆಚಾರ್ಯರ ಮಂಚಕ್ಕೆ ಹೋದರೆ ಮತ್ತೆ ಆ ಗಾಜ್, ಮತ್ತೆ ಆ ರಕ್ತ.

ನಾಲ್ಕನೆಯ ದಿನ ಡ್ರೆಸಿಂಗ್ ಮುಗಿಸಿ ಹೊರಡುವಾಗ ಆಚಾರ್ಯರು ಕರೆದರು.

"ಎಷ್ಟು ಉಳದಾವ್ರಿ?"

"ಮೂರು. ಒಂದು ಕೈಗೆ ಸಾಕಾಗ್ತಾವ."

"ಹಂಗಾದ್ರ ಎಡಗೈಗೆ ಹಾಕ್ರಿ."

ಅವರು ಬಾಯಿತಪ್ಪಿ ಹೇಳಿದರೆಂದುಕೊಂಡೆ. "ಆಚಾರ್ರೇ, ಉಣ್ಣೋದು, ಬರೆಯೋದು ಎಲ್ಲಾ ಬಲಗೈಲೇ ಅಲ್ಲೇನ್ರಿ?"

"ತುಳಸಿ ಏರಸೋದೂ ಬಲಗೈಲೇ. ಅದು ಹಂಗೇ ಇರ್ಲಿ. ಎಡಗೈ ಸಂಸಾರಕ್ಕ ಬೇಕಾಗ್ತದ, ಅದನ್ನ ಉಳಿಸ್ರಿ."

ಡಾಕ್ಟರು ಬಂದು ಎಷ್ಟೋ ಹೇಳಿ ನೋಡಿದರು. ಆಚಾರ್ಯರು ಕದಲಲಿಲ್ಲ. ಮದರಾಸಿನಿಂದ ಮತ್ತೆ ಹಾಳೆ ಬರಲು ವಾರಗಳೇ ಬೇಕಿತ್ತು. ಬಂದರೂ ಬಲಗೈಗೆ ಬೇಡವೆಂದರು. ಗಾಯವನ್ನು ಚೆನ್ನಾಗಿ ತೊಳೆದು, ಮೂರು ಹಾಳೆಗಳನ್ನು ಡಾಕ್ಟರೇ ಎಡಗೈ ಮೇಲೆ ಒಂದು ಸುಕ್ಕೂ ಬೀಳದಂತೆ ಹಾಸಿದರು.

ಹಾಸಿದ ಹನ್ನೆರಡನೆಯ ದಿನ ಹಾಳೆಯ ಅಂಚುಗಳು ತಾವೇ ಎದ್ದವು. ಕೆಳಗೆ ಎಳೆಗೆಂಪು ಚರ್ಮ ಕಂಡಿತು. ಆಚಾರ್ಯರು ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದರು. ಬೀರಪ್ಪ ಕುಂಟುತ್ತ ಬಂದು ನೋಡಿ, "ನನ್ನ ಕಾಲಿನಂಗಾ ಐತ್ರಿ ಸ್ವಾಮೇರ" ಎಂದಾಗ ಇಬ್ಬರೂ ನಕ್ಕರು. ಬಲಗೈ ಮಾಯಲು ತಿಂಗಳ ಮೇಲಾಯಿತು. ದಿನಾ ವ್ಯಾಯಾಮ ಮಾಡಿಸಿದರೂ ಉಂಗುರದ ಬೆರಳು, ಕಿರುಬೆರಳು ಅಂಗೈ ಕಡೆಗೆ ಬಾಗಿಯೇ ಉಳಿದವು.

ನನಗೆ ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮಳೆಗಾಲದಲ್ಲಿ ಅವರು ತೋರಿಸಿಕೊಳ್ಳಲು ಬಂದಾಗ ಹೇಳಿಯೇಬಿಟ್ಟೆ: "ಅವತ್ತು ನಾ ಬಾಯಿ ಮುಚ್ಕೊಂಡಿದ್ರ ನಿಮ್ಮ ಎರಡೂ ಕೈ ನೆಟ್ಟಗಿರ್ತಿದ್ವು."

ಅವರು ಬಲಗೈ ಎತ್ತಿ ತೋರಿಸಿದರು. "ತುಳಸಿ ಹಿಡೀಲಿಕ್ಕೆ ಮೂರು ಬೆರಳು ಸಾಕ್ರಿ. ನೀವು ಸುಳ್ಳು ಹೇಳಿ, ಮುಂದ ಯಾವತ್ತಾರ ನನಗ ಗೊತ್ತಾಗಿದ್ರ, ನೆಟ್ಟಗಿರೋ ಆ ಎರಡೂ ಕೈ ಗರ್ಭಗುಡಿಯೊಳಗ ಒಯ್ಯಲಿಕ್ಕೆ ನನಗ ಆಗ್ತಿರಲಿಲ್ಲ. ಈಗ ಈ ಬಲಗೈ ದಿನಾ ಒಯ್ತೀನಿ."

ಡಾಕ್ಟರು ಅಲ್ಲೇ ನಿಂತಿದ್ದರು. ಮುಂದಿನ ವರ್ಷ ಮತ್ತಷ್ಟು ಹಾಳೆ ಬಂದಾಗ, ಪ್ರತಿ ರೋಗಿಯ ಪಕ್ಕದಲ್ಲಿ ಸ್ಟೂಲ್ ಎಳೆದು ಕೂತು ಅದು ಏನು, ಯಾತರದ್ದು ಎಂದು ಅವರೇ ವಿವರಿಸುತ್ತಿದ್ದರು. ಒಪ್ಪಿದವರೇ ಹೆಚ್ಚು. ಒಪ್ಪದವರಿಗೆ ಗಾಜ್ ಹಾಕಿದೆವು, ಮೊದಲಿಗಿಂತ ಹೆಚ್ಚು ಹೊತ್ತು ನೆನೆಸಿ ಬಿಡಿಸಿದೆವು.

ಆಮೇಲೆ ನಾನು ಎಷ್ಟೋ ಹೊಸ ನರ್ಸ್‌ಗಳಿಗೆ ಡ್ರೆಸಿಂಗ್ ಕಲಿಸಿದೆ. ಕೈ ತೊಳೆಯುವುದು ಮೊದಲನೆಯ ಪಾಠ. ರೋಗಿ ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳುವುದು ಎರಡನೆಯದು. ಚರ್ಮ ಮಾಯಿಸುವ ಔಷಧಿ ಮದರಾಸಿನಿಂದ ಬರಬಹುದು. ಮಾಯ್ದ ಆ ಚರ್ಮದೊಳಗೆ ಬಾಳಬೇಕಾದವನು ರೋಗಿ. ಅದಕ್ಕೆ ಅವನ ಒಪ್ಪಿಗೆಯನ್ನು ಅವನ ಬಾಯಿಂದಲೇ ಪಡೆಯಬೇಕು.