ಮಂಗಳಮ್ಮನವರ ಐದು ನಿಮಿಷ, ಪುಟ್ಟಬಸವಯ್ಯನವರ ಬೇಸ್ ಬಾಕ್ಸು

ಪುಟ್ಟಬಸವಯ್ಯನವರ ಮೈಕ್ ಸೆಟ್ಟಿನಲ್ಲಿ ಭಾಷಣ ಮಾಡಿ ಕೆಟ್ಟವರಲ್ಲಿ ನಾನೂ ಒಬ್ಬಳು. ಆಗಸ್ಟ್ ಹದಿನೈದಕ್ಕೆ ಅರ್ಧ ಗಂಟೆ ಗಂಟಲು ಹರಿದುಕೊಂಡೆ. ಮಾರನೆಯ ದಿನ ನಾಲ್ಕನೇ ತರಗತಿಯಲ್ಲಿ "ನಿನ್ನೆ ನಾನು ಏನು ಹೇಳಿದೆ?" ಎಂದು ಕೇಳಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ "ಬುಂ ಬುಂ ಬುಂ, ಮಿಸ್" ಅಂದಿತು. ನನಗೆ ಸಿಟ್ಟು ಮೂಗಿನ ಮೇಲೇ ಇರುತ್ತದೆ. ಆದರೆ ಮಕ್ಕಳನ್ನು ಬೈಯುವಂತಿರಲಿಲ್ಲ, ಅವು ಕೇಳಿದ್ದನ್ನೇ ಹೇಳಿದ್ದವು.

ನಾನು ಆಶಾರಾಣಿ, ನಂಜನಗೂಡಿನಿಂದ ದಿನಾ ಬಸ್ಸು ಹಿಡಿದು ಬಿಳಿಗೆರೆ ಪಕ್ಕದ ಈ ಊರಿಗೆ ಬಂದು ಹೋಗುವ ಟೀಚರು. ಪುಟ್ಟಬಸವಯ್ಯ ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮಂಗಳಮ್ಮನವರ ಗಂಡ. ಸುತ್ತಲಿನ ಎಂಟು ಹಳ್ಳಿಗಳ ಮದುವೆ, ಗೃಹಪ್ರವೇಶ, ಜಯಂತಿ ಎಲ್ಲಕ್ಕೂ ಅವರದೇ ಸೌಂಡು. ತೆಂಗಿನ ಮರಕ್ಕೆ ಹಾರ್ನ್ ಕಟ್ಟುತ್ತಿದ್ದ ಕಾಲದಿಂದ ಆಳೆತ್ತರದ ಬೇಸ್ ಬಾಕ್ಸುಗಳ ಈ ಕಾಲದವರೆಗೂ ಅವರು ಒಂದೇ ಸಿದ್ಧಾಂತ ನಂಬಿಕೊಂಡು ಬಂದವರು: ಸ್ಪೀಕರ್ ದೊಡ್ಡದಿರಬೇಕು, ಆಂಪ್ಲಿಫೈಯರ್ ಸಣ್ಣದಿರಬೇಕು. ದೊಡ್ಡ ಸ್ಪೀಕರನ್ನು ಸುಡುವ ತಾಕತ್ತು ಸಣ್ಣ ಆಂಪಿಗೆ ಎಲ್ಲಿಂದ ಬರಬೇಕು? ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೂ ಅವರ ಸ್ಪೀಕರುಗಳು ಎರಡು ತಿಂಗಳಿಗೊಂದರಂತೆ ಹೊಗೆ ಹಾಕುತ್ತಿದ್ದವು. ಅವರು ಕರೆಂಟನ್ನು ಬೈದರು, ಜನರೇಟರನ್ನು ಬೈದರು, ಒಮ್ಮೆ ಮದುವೆ ಗಂಡಿನ ಕಾಲ್ಗುಣವನ್ನೂ ಬೈದರಂತೆ.

ಆಂಪಿನ ಮುಂಭಾಗದಲ್ಲಿ ಒಂದು ಪುಟ್ಟ ಕೆಂಪು ದೀಪವಿದೆ. ಅದು ಕುಣಿದರೆ ಯಂತ್ರ ಹುರುಪಿನಲ್ಲಿದೆ ಎಂದು ಅವರ ಅಂದಾಜು. ಜನಕ್ಕೂ ಕಾಣಲಿ ಅಂತ ಆಂಪನ್ನು ಸಭೆಯ ಕಡೆಗೇ ಮುಖ ಮಾಡಿ ಇಡುತ್ತಿದ್ದರು. ಜನವೂ ಅಷ್ಟೇ, ಕೆಂಪು ಕುಣಿದಷ್ಟೂ "ಇವತ್ತು ಸೆಟ್ಟು ಜೋರಾಗ್ಯದೆ" ಎಂದು ಮೆಚ್ಚಿಕೊಳ್ಳುತ್ತಿತ್ತು.

ಹೀಗಿರುವಾಗ ಮಂಗಳಮ್ಮನವರಿಗೆ ಅರವತ್ತು ತುಂಬಿತು. ಇಪ್ಪತ್ತೆರಡು ವರ್ಷ ಸೌಟು ಹಿಡಿದವರಿಗೆ ಬೀಳ್ಕೊಡುಗೆ ಮಾಡೋಣ ಎಂದು ತೀರ್ಮಾನವಾಯಿತು. "ನಾಲ್ಕು ಮಾತಾಡ್ತೀರಾ?" ಎಂದು ಬಾಯಿಮಾತಿಗೆ ಕೇಳಿದೆ. ಸೆರಗು ಬಾಯಿಗೆ ಅಡ್ಡ ಹಿಡಿದು ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಸೌಟು ಕೆಳಗಿಟ್ಟರು.

"ಐದ್ ನಿಮ್ಸ ಬೇಕು ಮಿಸ್. ಮೈಕ್‌ನೋರ ಜೊತೆ ನಲವತ್ ವರ್ಸ ಬಾಳಾಟ ಮಾಡಿವ್ನಿ, ಒಂದ್ಸಲಾನೂ ಮೈಕ್ ಇಡ್ದಿಲ್ಲ. ನಾನಾಡೋ ಒಂದೊಂದ್ ಮಾತೂ ಕಡೇ ಸಾಲಲ್ಲಿ ಕೂತೋರ್ಗೂ ಕೇಳ್ಬೇಕು. ಬುಂ ಬುಂ ಅನ್ನಂಗಿದ್ರೆ ನಾನು ಬಾಯೇ ಬಿಡಕಿಲ್ಲ."

ಏನು ಮಾತು ಎಂದು ಕೇಳಿದೆ. ಅವರು ಸೌಟು ಎತ್ತಿಕೊಂಡು ಸಾರು ತಿರುವಿದರು.

ಆ ವಾರವೇ ಇನ್ನೊಂದು ಸ್ಪೀಕರ್ ಸುಟ್ಟಿತು. ಅದನ್ನು ರಿಪೇರಿಗೆ ಲಗೇಜ್ ಆಟೋದಲ್ಲಿ ತಿ. ನರಸೀಪುರಕ್ಕೆ ಒಯ್ಯುವಾಗ ಮಂಗಳಮ್ಮನವರೂ ಹತ್ತಿ ಕೂತರು. "ಇವ್ರ ತಲೆಗೆ ಅತ್ತಕಿಲ್ಲ, ನೀವು ಬರ್ಕೊಳಿ" ಎಂದು ನನ್ನನ್ನೂ ಹತ್ತಿಸಿದರು. ಭಾನುವಾರದ ರಜೆ, ಇಸ್ತ್ರಿ ಮಾಡಿದ ಸೀರೆ, ತೊಡೆಯ ಮೇಲೆ ಕಮಟು ನಾತದ ಸ್ಪೀಕರು. ನನ್ನ ಸಿಟ್ಟು ಎಲ್ಲಿಗೆ ಬಂದಿರಬೇಕು ನೀವೇ ಊಹಿಸಿ.

ಗಂಗಾಧರಸ್ವಾಮಿ ಅಲ್ಲಿ ಸುಟ್ಟ ಸ್ಪೀಕರುಗಳಿಗೆ ಹೊಸದಾಗಿ ಕಾಯಿಲ್ ಸುತ್ತಿಕೊಡುವವರು. ಸ್ಪೀಕರನ್ನು ಮೂಸಿ ನೋಡಿ, ಪುಟ್ಟಬಸವಯ್ಯನವರ ಮುಖ ನೋಡಿ, ತಾಮ್ರದ ತಂತಿಗೆ ಕೈಹಾಕಿದರು.

"ಸ್ವಾಮೇರೇ, ಇವ್ರ ಬಾಕ್ಸೇ ಯಾಕಿಂಗೆ ಸುಡ್ತವೆ?" ಎಂದು ಮಂಗಳಮ್ಮ ಕೇಳಿದರು.

ಗಂಗಾಧರಸ್ವಾಮಿ ತಂತಿ ಕೆಳಗಿಟ್ಟರು. "ಹನ್ನೆರಡು ವರ್ಷದಿಂದ ನಂಗೊತ್ತು ಅಕ್ಕಾ."

ಪುಟ್ಟಬಸವಯ್ಯ ಕೂತಲ್ಲಿಂದ ಎದ್ದೇಬಿಟ್ಟರು. "ಗೊತ್ತಿದ್ದೂ ಏಳ್ನಿಲ್ವಾ?"

"ನೀವು ಕೇಳ್ಲಿಲ್ಲ. ಕಾಯಿಲ್ ಸುತ್ತಿ ಅಂದ್ರಿ, ಸುತ್ತಿದೆ. ನೀವು ಬುದ್ಧಿವಂತರಾಗಿಬಿಟ್ರೆ ನನ್ ಅಂಗಡಿ ಗತಿ ಏನಣ್ಣಾ?"

ಆಮೇಲೆ ಪಾಪಪ್ರಜ್ಞೆಯೋ ಏನೋ, ಕೂರಿಸಿಕೊಂಡು ಬಿಡಿಸಿ ಹೇಳಿದರು. ನಾನು ಬರೆದುಕೊಂಡೆ. ಕೆಂಪು ದೀಪ ಹತ್ತಿದರೆ ಆಂಪು ಹುರುಪಿನಲ್ಲಿದೆ ಅಂತಲ್ಲ, ನನ್ನ ಕೈಲಿ ಆಗುವುದಿಲ್ಲ ಎಂದು ಬಾಯಿ ಬಡಿದುಕೊಳ್ಳುತ್ತಿದೆ ಅಂತ. ಶಕ್ತಿ ಮೀರಿ ತಿರುವಿದರೆ ಅದು ಸೌಂಡಿನ ನೆತ್ತಿ ಕತ್ತರಿಸಿ ಕಳಿಸುತ್ತದೆ, ಆ ಮೊಂಡು ಸೌಂಡೇ ಕಾಯಿಲನ್ನು ಕಾಯಿಸಿ ಸುಡುವುದು. ಐನೂರು ವ್ಯಾಟಿನ ಬಾಕ್ಸಿಗೆ ಏಳುನೂರೈವತ್ತರಿಂದ ಸಾವಿರ ಕೊಡಬಲ್ಲ ಆಂಪು ಹಾಕಬೇಕು, ಹಾಕಿ ಮಿತಿಯಲ್ಲಿ ಓಡಿಸಬೇಕು.

"ಮತ್ತೆ ಕ್ರಾಸ್‌ಓವರ್ ಎಲ್ಲಿಟ್ಟಿದೀರಾ? ನಾನೇ ಕೊಡಿಸಿದ್ನಲ್ಲ, ಉದ್ದಕ್ಕೆ ಚಪ್ಪಟೆ ಪೆಟ್ಟಿಗೆ?"

ಪುಟ್ಟಬಸವಯ್ಯ ಉಗುರು ನೋಡಿಕೊಂಡರು. "ಅದ ಆಕುದ್ರೆ ಸೌಂಡ್ ಕಮ್ಮಿ ಆಯ್ತದೆ ಅಂತ..."

"ನಮ್ಮನೇಲಿ ಟೀವಿ ಅಡೀಲಿ ಎತ್ರಕ್ ಕೊಟ್ಟಿರೋದು ಅದೇಯಾ?" ಅಂದರು ಮಂಗಳಮ್ಮ.

ಅದೇ. ನೂರು ಹರ್ಟ್ಸಿನ ಕೆಳಗಿನ ಗುಡುಗನ್ನು ಬೇಸ್ ಬಾಕ್ಸಿಗೂ, ಮೇಲಿನ ಮಾತನ್ನು ಟಾಪ್ ಬಾಕ್ಸಿಗೂ ಹಂಚಿಕೊಡಬೇಕಾದ ಪೆಟ್ಟಿಗೆ ಆರು ವರ್ಷದಿಂದ ಟೀವಿ ಹೊತ್ತು ಕೂತಿತ್ತು. ಹಂಚುವವರಿಲ್ಲದೆ ಮಾತೂ ಗುಡುಗೂ ಎಲ್ಲ ಬಾಕ್ಸಿಗೂ ಹೋಗಿ ಊರಿನ ಭಾಷಣವೆಲ್ಲ ಬುಂ ಆಗಿತ್ತು.

"ತರ್ಕಾರಿ ಎಚ್ಚೋಳ್ಗೆ ಅಂಡೆ ಎತ್ತು ಅಂದಂಗೆ" ಎಂದು ಮಂಗಳಮ್ಮ ಒಂದೇ ಮಾತಿನಲ್ಲಿ ಮುಗಿಸಿದರು. ನಾನು ಎರಡು ಪುಟ ಬರೆದಿದ್ದೆ. ಗಂಗಾಧರಸ್ವಾಮಿ ತಮ್ಮದೇ ದೊಡ್ಡ ಆಂಪನ್ನು, ಅಕ್ಕನ ಕಾರ್ಯಕ್ರಮ ಮುಗಿಯುವವರೆಗೆ ಇರಲಿ ಎಂದು ಆಟೋಗೆ ಹಾಕಿಸಿದರು.

ಬೀಳ್ಕೊಡುಗೆಯ ದಿನ ಬೆಳಿಗ್ಗೆ ಟೀವಿ ಅಡಿಯ ಪೆಟ್ಟಿಗೆಯನ್ನೂ ತಂದು ಜೋಡಿಸಿ, ಪುಟ್ಟಬಸವಯ್ಯ ನನ್ನ ಹತ್ತಿರ ಮೂರು ಸಲ ಬಂದರು. "ಮಿಸ್, ಕೆಂಪೇ ಬತ್ತಿಲ್ಲ. ಸೆಟ್ ಸತ್ತೋಗ್ಯದಾ?" ಬದುಕಿದೆ ಎಂದು ಮೂರು ಸಲವೂ ಹೇಳಿದೆ. ಊರಿನ ಹುಡುಗರು ಸೌಂಡು ಎದೆಗೆ ಗುದ್ದುತ್ತಿಲ್ಲ ಎಂದು ಬೇಜಾರು ಮಾಡಿಕೊಂಡರು. ಶಾಲಾ ಸಮಿತಿಯ ಅಧ್ಯಕ್ಷ ನಂಜುಂಡೇಶ್ ಮೊದಲು ಮಾತಾಡಿದರು. ಅವರಿಗೆ ಊರಿನಲ್ಲಿ ಒಳ್ಳೆಯ ಭಾಷಣಕಾರರೆಂದು ಹೆಸರಿತ್ತು. ಅವತ್ತು ಅವರ ಮಾತು ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿ, ಹೇಳಿದ್ದನ್ನೇ ಮೂರು ಸಲ ಹೇಳುತ್ತಾರೆಂದು ಎಲ್ಲರಿಗೂ ಗೊತ್ತಾಯಿತು.

ಆಮೇಲೆ ಮಂಗಳಮ್ಮ ಮೈಕ್ ಹಿಡಿದರು.

"ನಮ್ಮೆಜಮಾನ್ರು ಊರ್ಗೆಲ್ಲಾ ಮೈಕ್ ಕಟ್ಟುದ್ರು. ಮನೇಲಿ ನಾನ್ ಕೂಗುದ್ರೆ ಮಾತ್ರ ಕಿವಿ ಕೇಳಕಿಲ್ಲ. ನೀರಿಡಿರಿ ಅಂದ್ರೆ 'ಆಂ?' ಸೌದೆ ಒಡೀರಿ ಅಂದ್ರೆ 'ಆಂ?' ಊಟಕ್ ಬನ್ನಿ ಅಂದ್ರೆ ಮಾತ್ರ ಒಂದೇ ಸಲಕ್ಕೆ ಕೇಳ್ತದೆ."

ಒಂದಕ್ಷರ ಬಿಡದೆ ಕಡೇ ಸಾಲಿಗೂ ಕೇಳಿಸಿತು. ರಸ್ತೆಯಾಚೆ ಟೀ ಅಂಗಡಿಯವರೂ ನಕ್ಕರು. ಪುಟ್ಟಬಸವಯ್ಯ ತಾವೇ ಇಷ್ಟು ಚೆನ್ನಾಗಿ ಸೆಟ್ ಮಾಡಿದ ಸೌಂಡಿನಲ್ಲಿ ತಮ್ಮ ಮಾನ ಹೋಗುವುದನ್ನು ನೋಡುತ್ತಾ ನಿಂತಿದ್ದರು.

"ಇನ್ನೊಂದ್ ಮಾತದೆ" ಅಂದರು ಮಂಗಳಮ್ಮ. "ನಾನ್ ಸೇರ್ದಾಗ ಅನ್ನೊಂದ್ ಮಕ್ಳು ಮದ್ಯಾನ ಇಲ್ಲಿ ಉಣ್ದೆ ಮನೆಗೋಯ್ತಿದ್ವು. ಜಾತಿ ನೋಡಿ, ನಮ್ ಕೇರಿಯೋಳು ಬೇಯ್ಸಿದ್ದು ಅಂತ. ಎರಡ್ ವರ್ಸ. ಇವತ್ ಬತ್ತವೆ, ನಾಳೆ ಬತ್ತವೆ ಅಂತ ದಿನಾ ಅವ್ಕೂ ಸೇರ್ಸೇ ಅಕ್ಕಿ ಆಕ್ತಿದ್ದೆ. ದಿನಾ ಅನ್ನೊಂದ್ ಮಕ್ಳ ಅನ್ನ ಮಿಕ್ತಿತ್ತು. ಅದ ನೋಡ್ಕಂಡ್ ಅಳ್ತಿದ್ದೆ. ಇದ ಯಾರ್ಗೂ ಏಳಿರ್ನಿಲ್ಲ."

ನಗು ನಿಂತಿತು. ಮುಂದಿನ ಸಾಲಿನಲ್ಲಿ ನಂಜುಂಡೇಶರ ತಾಯಿ ಸಿದ್ದಲಿಂಗಮ್ಮ ಕೂತಿದ್ದರು. ಆ ಎರಡು ವರ್ಷ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಗೇಟಿಗೆ ಬಂದು ಮೊಮ್ಮಗನ ಕೈ ಹಿಡಿದು ಕರೆದೊಯ್ಯುತ್ತಿದ್ದವರಲ್ಲಿ ಅವರೂ ಒಬ್ಬರೆಂದು ಊರಿಗೆಲ್ಲ ಗೊತ್ತಿತ್ತು.

ನಂಜುಂಡೇಶ್ ಪುಟ್ಟಬಸವಯ್ಯನವರ ಕಡೆ ತಿರುಗಿ ಅಂಗೈ ಕೆಳಗೆ ಮಾಡಿ ಅಲ್ಲಾಡಿಸಿದರು. ಸೌಂಡು ಇಳಿಸು ಅಂತ. ನಮ್ಮ ಕಡೆ ಸೌಂಡು ಏರುವುದೂ ಇಳಿಯುವುದೂ ಮುಂದೆ ಕೂತ ದೊಡ್ಡವರ ಕೈಸನ್ನೆಯ ಮೇಲೆ. ಆ ಸನ್ನೆಯನ್ನು ಪುಟ್ಟಬಸವಯ್ಯ ಆಯುಷ್ಯವೆಲ್ಲ ಪಾಲಿಸಿದವರು. ಅವತ್ತೂ ನೋಡಿದರು. ನೋಡಿ, ಸೌಂಡು ಏರಿಳಿಸುವ ಮಿಕ್ಸರಿನ ಮೇಲಿದ್ದ ಎರಡೂ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡರು. ನನಗೆ ಅವರ ಮೇಲಿದ್ದ ವರ್ಷಗಳ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

"ಸಿಟ್ಟಿರ್ನಿಲ್ಲ ಅಂತ ಸುಳ್ಳೇಳಕಿಲ್ಲ" ಅಂದರು ಮಂಗಳಮ್ಮ. "ಇತ್ತು. ಏಳ್ಕಂಡೆ, ಅಷ್ಟೇಯ. ಈಗ ಎಲ್ಲಾರೂ ಊಟಕ್ಕೇಳಿ. ಇವತ್ತೂ ಅಡ್ಗೆ ನಂದೇ."

ಯಾರೂ ಏಳಲಿಲ್ಲ. ನಂಜುಂಡೇಶ್ ನೆಲ ನೋಡುತ್ತಿದ್ದರು. ಆಗ ಸಿದ್ದಲಿಂಗಮ್ಮ ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಕೈ ನೀಡಿದ ಮಗನನ್ನು ಆಚೆ ಸರಿಸಿ, ಒಬ್ಬರೇ ನಡೆದು, ಜಗುಲಿಯಲ್ಲಿ ಹಾಕಿದ್ದ ಮೊದಲ ಎಲೆಗೆ ಹೋಗಿ ಕೂತರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಮಂಗಳಮ್ಮ ತಾವೇ ಸೌಟು ಹಿಡಿದು ಬಡಿಸಿಕೊಂಡು ಬಂದರು.

ಸಾರಿಗೆ ಉಪ್ಪು ಕಮ್ಮಿ ಅಂದರು ಸಿದ್ದಲಿಂಗಮ್ಮ. ಎರಡನೇ ಸಲ ಅನ್ನ ಹಾಕಿಸಿಕೊಂಡ ಮೇಲೆ ಅಂದರು.