ಅತ್ತೆಯ ಜೋಳದ ಚೀಲ

ನಮ್ಮತ್ತೆ ಫೋಟೋ ತೆಗೆದುಕೊಂಡು ಮನೆಗೆ ಬಂದರೆ ಇಳಕಲ್ ಸೀರೆಯ ಮೊಣಕಾಲಿನ ಜಾಗವೆಲ್ಲ ಮಣ್ಣಾಗಿರುತ್ತಿತ್ತು, ಮೂಗಿನ ತುದಿಯಲ್ಲಿ ಕ್ಯಾಮೆರಾ ಒತ್ತಿದ ಕೆಂಪು ಗುರುತು ಇರುತ್ತಿತ್ತು. ಅರವತ್ತು ದಾಟಿದ ಹೆಂಗಸು ಬಂಡೆಯ ಮೇಲೆ ಬೋರಲು ಮಲಗಿ ಗುಡ್ಡದ ಚಿತ್ರ ತೆಗೆಯುತ್ತಾಳೆಂದರೆ ನಾಚಾರಂನ ನಮ್ಮ ಓಣಿಯವರು ನಂಬುತ್ತಲೇ ಇರಲಿಲ್ಲ.

ಅತ್ತೆ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯ ಮಹಡಿಗೆ ಬಂದಿದ್ದರು. ಸರಕಾರಿ ನೌಕರಿಯಿಂದ ನಿವೃತ್ತರಾದದ್ದೇ ತಡ, ಕೋಟಿಗಟ್ಟಲೆ ಚುಕ್ಕಿ ಹಿಡಿಯುವ ದೊಡ್ಡ ಕ್ಯಾಮೆರಾ ಕೊಂಡರು. ಇದ್ದದ್ದೆಲ್ಲ ಅದಕ್ಕೇ ಹೋಯಿತು. ಉಳಿದ ಸಾಮಾನಿಗೆಂದು ನನ್ನನ್ನು ಕೋಠಿಯ ಅಂಗಡಿಗಳಿಗೆ ಎಳೆದುಕೊಂಡು ಹೋದರು. ಬದನೆಕಾಯಿ ಒತ್ತಿ ನೋಡುವ ಹಾಗೆ ಕ್ಯಾಮೆರಾ ನಿಲ್ಲಿಸುವ ಒಂದೊಂದು ಟ್ರೈಪಾಡ್ ಸ್ಟ್ಯಾಂಡನ್ನೂ ಒತ್ತಿ ನೋಡಿದರು. ಅಗ್ಗದ್ದು ಅಲುಗುತ್ತಿತ್ತು, ಅಲುಗದ್ದು ನಮಗೆ ಎಟುಕುವಂಥದ್ದಲ್ಲ.

"ಯೇ ತೋ ಹಿಲ್ತಾ ಭಾಯ್, ನಕ್ಕೋ," ಎಂದು ಅಲುಗುವ ಸ್ಟ್ಯಾಂಡನ್ನು ಅಂಗಡಿಯವನಿಗೆ ವಾಪಸು ಕೊಟ್ಟು ನನ್ನ ಕಡೆ ತಿರುಗಿದರು. "ಈ ಕ್ಯಾಮೆರಾ ಭಾಳ ಚಾಡಿಖೋರ ಐತಿ ನೋಡವಾ. ಕೈ ಒಂದೀಟು ನಡುಗಿದ್ರೂ ಊರಿಗೆಲ್ಲಾ ಹೇಳತೈತಿ. ಅದು ಅಲುಗಾಡಬಾರದು, ಉಳಿದದ್ದೆಲ್ಲಾ ಶೋಕಿ."

ಅಂಗಡಿಯವನು ಆಕಾಶಕ್ಕೆ ಬಣ್ಣ ಕೊಡುವ ಫಿಲ್ಟರ್ ತೋರಿಸಿದರೆ, "ಒಂದು ತಾಸು ಲಗೂನ ಎದ್ರ ಸೂರ್ಯನ ಪುಕ್ಕಟೆ ಬಣ್ಣ ಕೊಡತಾನ," ಎಂದರು. ಒಳ್ಳೆಯ ಮೆಮೊರಿ ಕಾರ್ಡು, ಇನ್ನೊಂದು ಬ್ಯಾಟರಿ, ಇಷ್ಟರಲ್ಲಿ ಮಾತ್ರ ಕಂಜೂಸಿ ಮಾಡಲಿಲ್ಲ. ಮನೆಗೆ ಬಂದು ಸ್ಟ್ಯಾಂಡಿನ ಬದಲು ಹಳೆಯ ಖಣದ ಬಟ್ಟೆಯಲ್ಲಿ ಚೀಲ ಹೊಲಿದು, ಊರಿನಿಂದ ಬಂದ ಬಿಳಿಜೋಳ ತುಂಬಿದರು. ಅದನ್ನು ಬಂಡೆಯ ಮೇಲಿಟ್ಟು ನಡುವೆ ಗುದ್ದಿ ಕ್ಯಾಮೆರಾ ಕೂರಿಸಿದರೆ, ಅಬ್ಬಾ, ತೊಟ್ಟಿಲಲ್ಲಿ ಕೂಸು ಮಲಗಿದ ಹಾಗೆ!

ಅತ್ತೆಗೆ ಒಂದೇ ಆಸೆ. ಶಂಶಾಬಾದ್ ದಾಟಿದ ಮೇಲೆ ಒಂದು ಕಲ್ಲುಗುಡ್ಡವಿತ್ತು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಮಾವ ಸ್ಕೂಟರಿನಲ್ಲಿ ಕರೆದೊಯ್ದು ತೋರಿಸಿದ ಮೊದಲ ಜಾಗ ಅದು. ಅದರ ಚಿತ್ರ ಗೋಡೆಯಷ್ಟು ದೊಡ್ಡದಾಗಬೇಕು, ಅವರಿಬ್ಬರೂ ಕುಳಿತ ಬಂಡೆಯ ಬಿರುಕೂ ಅದರಲ್ಲಿ ಕಾಣಬೇಕು. ಎರಡು ಸಲ ಹೋದಾಗಲೂ ಮಂಜು ಕವಿದಿತ್ತು. ಅದೇ ದಾರಿಯಲ್ಲಿ ವಿಮಾನ ನಿಲ್ದಾಣದ ಕೆಲಸಕ್ಕೆ ಹೋಗುತ್ತಿದ್ದ ನಾನೇ ಒಂದು ಸಂಜೆ ಕೆಟ್ಟ ಸುದ್ದಿ ತಂದೆ. ಅಲ್ಲಿ ಲೇಔಟ್ ಬರುತ್ತದೆ, ನಾಳೆಯಿಂದಲೇ ಬಂಡೆ ಒಡೆಯುತ್ತಾರೆ ಎಂದು ಅಲ್ಲಿಯ ಕಾವಲುಗಾರ ಹೇಳಿದ್ದ.

ಮರುದಿನ ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿದೆವು. ಕೆಳಗೆ ಯಂತ್ರಗಳು ಬಂದು ನಿಂತಿದ್ದವು. ಮೂಡಣ ಕೆಂಪಾಗುತ್ತಿದ್ದಂತೆ ಅತ್ತೆ ಖಣದ ಚೀಲ ಕೇಳಿದರು. ತೆಗೆದುಕೊಟ್ಟೆ. ಒಳಗೆ ಜೋಳವಿರಲಿಲ್ಲ, ರೊಟ್ಟಿಯ ಗಂಟಿತ್ತು!

ಅವ್ವನಿಗೆ ಫೋನ್ ಮಾಡಿದೆ. "ಹಿಟ್ಟು ತೀರಿತ್ತವಾ, ಆ ಜ್ವಾಳಾನ ಗಿರಣಿಗೆ ಕಳಿಸಿದೆ. ನಿಮಗ ನಾಷ್ಟಾಕ್ಕ ಅಂತ ಅದರದ ರೊಟ್ಟಿ ಬಡದು, ಅದ ಚೀಲದಾಗ ಇಟ್ಟೀನಿ," ಎಂದಳು. ಅತ್ತೆ ಫೋನಿಗೆ ಬಂದಾಗ ಅವ್ವನ ದನಿ ಸಣ್ಣದಾಯಿತು. "ಜ್ವಾಳ ಅಂದ್ರ ರೊಟ್ಟಿಗಲ್ಲೇನ್ರಿ ಅಕ್ಕಾರ? ಫೋಟೋಕ್ಕೂ ಜ್ವಾಳ ಬೇಕಂತ ನಾ ಏನ್ ಕನಸು ಕಂಡಿದ್ನೇನ್ರಿ?"

ನನಗೆ ಅಳುವೇ ಬಂದಿತ್ತು. ಅತ್ತೆ ರೊಟ್ಟಿಯ ಗಂಟನ್ನು ನನ್ನ ಮಡಿಲಿಗೆ ಹಾಕಿ, ಕುಕ್ಕರಗಾಲಿನಲ್ಲಿ ಕುಳಿತು, ಎರಡೂ ಕೈಯಿಂದ ಗುಡ್ಡದ ಗರಸುಕಲ್ಲು ಬಾಚಿ ಚೀಲಕ್ಕೆ ತುಂಬತೊಡಗಿದರು. "ಜ್ವಾಳ ಆದ್ರೇನು, ಗರಸು ಆದ್ರೇನು? ಭಾರ ಇದ್ರ ಆತು. ನೀ ಉಸಿರು ಬಿಗಿಹಿಡಿ."

ಬಿಸಿಲು ಬಂಡೆಗಳ ಮೇಲೆ ಇಳಿಯಿತು. ಚೀಲದ ಮೇಲೆ ಕ್ಯಾಮೆರಾ ಕೂರಿಸಿ, ತಾನಾಗೇ ಚಿತ್ರ ಹಿಡಿಯುವ ಸೆಲ್ಫ್ ಟೈಮರ್ ಒತ್ತಿ ಕೈ ಹಿಂದೆ ತೆಗೆದರು. ತೆರೆಯ ಮೇಲೆ ಚಿತ್ರ ದೊಡ್ಡದು ಮಾಡಿದಾಗ ಆ ಬಿರುಕೂ ಅದರೊಳಗಿನ ಹುಲ್ಲಿನ ಎಸಳೂ ಕಂಡವು. ಆಮೇಲೆ ಅಲ್ಲೇ ಕುಳಿತು ಶೇಂಗಾ ಚಟ್ನಿಯ ಜೊತೆ ರೊಟ್ಟಿ ತಿಂದೆವು. "ನನ್ನ ಸ್ಟ್ಯಾಂಡು ಭಾಳ ರುಚಿ ಐತಿ," ಎಂದು ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಈಗ ಗುಡ್ಡವಿಲ್ಲ, ಅತ್ತೆಯೂ ಇಲ್ಲ. ತಮ್ಮ ಗೋಡೆಯ ಚಿತ್ರದ ಎದುರಿಗೇ ನಿದ್ದೆಯಲ್ಲಿ ಹೋದರು, ಪುಣ್ಯವಂತೆ. ಕ್ಯಾಮೆರಾ ನನ್ನ ಪಾಲಿಗೆ ಬಂತು. ಮೊನ್ನೆ ಆ ಗರಸಿನ ಚೀಲ ಹುಡುಕಿದರೆ ಅವ್ವನ ಕೈಯಲ್ಲಿತ್ತು. ಗಿರಣಿಗೆ ಹೊರಟಿದ್ದೀಯೇನು ಎಂದು ಕಾಡಿಸಿದೆ. ಅವ್ವ ನಗಲಿಲ್ಲ, ಸೂಜಿಯ ದಾರ ಹಲ್ಲಿನಿಂದ ಕಡಿದಳು.

"ಮೂಲ್ಯಾಗ ಸೋರಾಕತ್ತಿತ್ತು, ಹೊಲದೀನಿ. ಖಾಲಿ ಆದ್ರ ಮತ್ತ ಆ ಗುಡ್ಡ ಎಲ್ಲಿಂದ ತರೂದವಾ?"