ಉಗ್ರಪ್ಪನ ಹೆಂಡತಿ ಸ್ಪ್ಯಾನಿಷ್ ಕಲಿತದ್ದು

ನನ್ನ ತಮ್ಮ ಉಗ್ರಪ್ಪನಿಗೆ ಹೊಟ್ಟೆಕಿಚ್ಚು ಹುಟ್ಟುತ್ತಲೇ ಬಂದದ್ದು, ಯಾರೂ ಕಲಿಸಿದ್ದಲ್ಲ. ಚಿಕ್ಕವನಿದ್ದಾಗ ಅವ್ವ ಇಬ್ಬರಿಗೂ ಮುದ್ದೆ ಇಟ್ಟರೆ ತನ್ನ ತಟ್ಟೆ ಬಿಟ್ಟು ನನ್ನ ತಟ್ಟೆಯನ್ನೇ ನೋಡುತ್ತಿದ್ದ. ದೊಡ್ಡವನಾಗಿ ಮಾಗಡಿ ರಸ್ತೆಯ ಮಿಲ್ಲಿನಲ್ಲಿ ಮಗ್ಗದ ಖಾತೆಗೆ ಸೇರಿದ, ಮೀಸೆ ಬಿಟ್ಟ, ಕೆಂಗೇರಿಯ ಶಿವಗಂಗಮ್ಮನನ್ನು ಮದುವೆಯಾದ. ಆ ಬುದ್ಧಿ ಮಾತ್ರ ಬಿಡಲಿಲ್ಲ. ಹಾಗಂತ ಕೆಟ್ಟವನಲ್ಲ. ಬೀಡಿ ಒಂದು ಬಿಟ್ಟರೆ ಯಾವ ಚಟವೂ ಇಲ್ಲ. ನಾನು ಗಂಡನನ್ನು ಕಳೆದುಕೊಂಡು ಒಂದು ಗಂಟು ಹಿಡಿದು ಬಂದಾಗ, "ಅಕ್ಕ, ಇದು ನಿನ್ ಮನೆ, ಯಾರನ್ನೂ ಕೇಳ್ಬೇಡ" ಅಂದವನು ಅವನೇ.

ಅವನ ಹೊಟ್ಟೆಕಿಚ್ಚಿಗೆ ಒಂದು ಹೆಸರಿತ್ತು: ನಾಗರಾಜು. ಇಬ್ಬರೂ ಮಿಲ್ಲಿಗೆ ಜೊತೆಯಲ್ಲೇ ಸೇರಿದವರು, ರಾಜಾಜಿನಗರದಲ್ಲಿ ಒಂದೇ ಬೀದಿಯಲ್ಲಿ ಮನೆ ಮಾಡಿದವರು. ನಾಗರಾಜು ಮೊದಲು ಜಾಬರ್ ಆದ. ಒಂದು ಸಾಲು ಮಗ್ಗಗಳ ಮೇಲೆ, ಅವುಗಳ ಕೆಲಸಗಾರರ ಮೇಲೆ ಅವನದೇ ಯಜಮಾನಿಕೆ. ಆ ಸಾಲಿನಲ್ಲಿ ನಮ್ಮವನೂ ಒಬ್ಬ! ಅದರ ಮೇಲೆ ನಾಗರಾಜು ಹೊಸ ಸೈಕಲ್ ತೆಗೆದುಕೊಂಡ. ಅದರ ಬೆಲ್ಲು ಬೀದಿಯ ಕೊನೆಯಲ್ಲಿ ಕೇಳಿದರೆ ಸಾಕು, ನಮ್ಮ ಉಗ್ರಪ್ಪ ಊಟದ ಮುಂದೆ ಕೂತಿದ್ದರೂ ಹಲ್ಲು ಕಚ್ಚುತ್ತಿದ್ದ. "ಬೆಲ್ಲು ಹೊಡೀತಾನೆ ನೋಡು. ಬೀದೀಲಿ ಒಂದು ನಾಯಿ ಕೂಡ ಅಡ್ಡ ಇಲ್ಲ, ಯಾರಿಗೆ ಹೊಡೀತಾನೆ? ನನಗೆ!" ಅನ್ನುತ್ತಿದ್ದ.

ಇದೆಲ್ಲ ಐವತ್ತಾರು, ಐವತ್ತೇಳನೇ ಇಸವಿಯ ಮಾತು. ಆಗ ನಮ್ಮ ಕಡೆ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ಕುರುಬರಹಳ್ಳಿಯ ದನಗಳು ನಮ್ಮ ಬಾಗಿಲ ಮುಂದೆಯೇ ಮೇಯುತ್ತಿದ್ದವು. ಆ ಸಮಯದಲ್ಲಿ ಮಾಗಡಿ ರಸ್ತೆಯ ಪಕ್ಕದ ಒಂದು ಹಳೆ ಬಂಗಲೆಗೆ ಸ್ಪೇನ್ ದೇಶದ ಸನ್ಯಾಸಿನಿಯರು ಬಂದರು. ಸುತ್ತಲಿನ ಹೆಂಗಸರಿಗೆ ಕಸೂತಿ ಹೇಳಿಕೊಡುತ್ತೇವೆ ಅಂದರು. ನಾಗರಾಜು ತನ್ನ ಹೆಂಡತಿ ವಿಮಲಮ್ಮನನ್ನು ಕಳಿಸಿದ. ಸುದ್ದಿ ಕೇಳಿದ ಸಂಜೆಯೇ ನಮ್ಮವನು ಬಂದು, "ಗಂಗಾ, ನಾಳೆಯಿಂದ ನೀನೂ ಹೋಗು. ಅವಳಿಗಿಂತ ನಿನ್ನ ಕೈ ಏನು ಕಮ್ಮಿ?" ಅಂದ. ಶಿವಗಂಗಮ್ಮ ನನ್ನ ಮುಖ ನೋಡಿದಳು. ಮನೆಗೆಲಸ ಯಾರು ಮಾಡುವವರು ಅಂತ ಆ ನೋಟದ ಅರ್ಥ. ಮಾಡುವವಳು ನಾನೇ ತಾನೇ, ಇನ್ನೇನು!

ಅವಳಿಗೆ ಮದುವೆಯಾಗಿ ಕೆಲವು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಬೀದಿಯವರು ಆಡಿಕೊಳ್ಳುತ್ತಿದ್ದರು, ನಾನೂ ಒಂದೆರಡು ಸಲ ಚುಚ್ಚಿದ್ದೆ. ಕಸೂತಿಗೆ ಹೋಗಲು ಶುರುಮಾಡಿದ ಮೇಲೆ ಅವಳ ಮುಖಕ್ಕೆ ಬೇರೆಯೇ ಒಂದು ಕಳೆ ಬಂತು. ನನಗೆ ಅದನ್ನು ಸಹಿಸಲಾಗಲಿಲ್ಲ. ಬೆಳಿಗ್ಗೆ ತಲೆ ಬಾಚಿ, ಹೂ ಮುಡಿದು, ಸೆರಗು ಹೊದ್ದು ಹೊರಡುವಾಗ, "ಹೋಗ್ಬರ್ತೀನಿ ಅಕ್ಕ" ಅಂತ ನಗುತ್ತಿದ್ದಳು. ಆ ಹೊತ್ತಿಗೆ ನನ್ನ ಕೈ ಪಾತ್ರೆ ತಿಕ್ಕುವ ಬೂದಿಯಲ್ಲಿರುತ್ತಿತ್ತು. ನನಗೂ ಕಸೂತಿ ಬರುತ್ತಿತ್ತು. ಕೇಳಿದವರು ಯಾರು?

ಕಲಿಸುತ್ತಿದ್ದವಳು ಸಿಸ್ಟರ್ ಪಿಲಾರ್ ಅಂತ ಚಿಕ್ಕ ವಯಸ್ಸಿನವಳು. ಅವಳಿಗೆ ಕನ್ನಡ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಹಾಗಾಗಿ ಹೊಲಿಗೆ ಮುಗಿದ ಮೇಲೆ ದಿನಾ ಸ್ವಲ್ಪ ಹೊತ್ತು ಹೆಂಗಸರಿಗೆ ತನ್ನ ಭಾಷೆಯನ್ನೇ ಹೇಳಿಕೊಡತೊಡಗಿದಳು. ಬೊಂಬಾಯಿಯಿಂದ ಅವರ ಮಠದ ಹಿರಿಯ ತಾಯಿ ಬರುವವರಿದ್ದರು. ಅವರ ಮುಂದೆ ಒಬ್ಬೊಬ್ಬರೂ ಎದ್ದು ನಿಂತು ಒಂದು ಮಾತನ್ನು ಹೋದ ಕಾಲ, ಈಗಿನ ಕಾಲ, ಬರುವ ಕಾಲ ಮೂರರಲ್ಲೂ ಹೇಳಿ ತೋರಿಸಬೇಕು ಅಂತ ಅವಳ ಆಸೆ. ಆರಿಸಿಕೊಂಡದ್ದು ಎಂಥ ಮಾತು ಅಂತೀರಿ? ಅತಿ ಮೊಂಡು ಮಾತು. ಬೇರೆ ಮಾತುಗಳೆಲ್ಲ ಒಳ್ಳೆ ಸೊಸೆಯರ ಹಾಗೆ ಹೇಳಿದಂತೆ ನಡೆದುಕೊಳ್ಳುತ್ತವಂತೆ. ಇದು ಮಾತ್ರ ಕಾಲ ಬದಲಾದರೆ ರೂಪವನ್ನೇ ಬದಲಾಯಿಸಿಬಿಡುತ್ತದಂತೆ.

ಶಿವಗಂಗಮ್ಮ ಹೆದರಲಿಲ್ಲ. ರಾಗಿ ಬೀಸುತ್ತ, ಒಲೆ ಊದುತ್ತ ಅದನ್ನೇ ಜಪಿಸಿದಳು. "ಯೊ ಕಿಯೆರೊ. ತೂ ಕಿಯೆರೆಸ್. ಎಲ್ ಕಿಯೆರೆ." ಯಾರನ್ನೋ "ಯೋ" ಅಂತ ಕೂಗುತ್ತಿದ್ದಾಳೆ ಅಂದುಕೊಂಡು ನಾನು ಮೊದಲ ದಿನ ಹೊರಗೆ ಹೋಗಿ ನೋಡಿ ಬಂದೆ. ಹೋದ ಕಾಲಕ್ಕೆ ಹೇಳುವಾಗ ಆ ಕಿಯೆರೊ ಪತ್ತೆಯೇ ಇಲ್ಲ, "ಯೊ ಕಿಸೆ" ಆಗಿಬಿಡುತ್ತಿತ್ತು. ಬರುವ ಕಾಲಕ್ಕೆ "ಯೊ ಕೆರ್ರೆ."

"ಇದೇನೇ, ನಿನ್ನೆ ಒಂದು ಇವತ್ತು ಇನ್ನೊಂದು?" ಅಂದೆ.

"ನಮ್ಮಲ್ಲೂ ಹಂಗೇ ಅಲ್ವಾ ಅಕ್ಕ? ಬರ್ತೀನಿ ಅಂತೀವಿ, ಬಂದೆ ಅಂತೀವಿ. ಸಾಯ್ತಾರೆ ಅಂತೀವಿ, ಸತ್ರು ಅಂತೀವಿ. ನಮಗೆ ಅಭ್ಯಾಸ ಆಗೋಗಿದೆ ಅಷ್ಟೆ" ಅಂದಳು.

ನಾಲ್ಕನೇ ಕ್ಲಾಸು ಓದಿದವಳ ಜಂಭ ನೋಡಿ ಅಂತ ಒಳಗೇ ಅಂದುಕೊಂಡೆ. ಉಗ್ರಪ್ಪನಿಗಂತೂ ಮೊದಮೊದಲು ಹೆಮ್ಮೆಯೋ ಹೆಮ್ಮೆ. ನಮ್ಮ ಮನೆಯಲ್ಲಿ ಸ್ಪೇನಿನ ಭಾಷೆ ಮಾತಾಡುತ್ತಾರೆ ಅಂತ ಮಿಲ್ಲಿನಲ್ಲೆಲ್ಲ ಸಾರಿದ. ನಾಗರಾಜುವಿನ ಹೆಂಡತಿಯೂ ಅದನ್ನೇ ಕಲಿಯುತ್ತಿದ್ದಾಳೆ ಅನ್ನುವುದನ್ನು ಮಾತ್ರ ಜಾಣತನದಿಂದ ನುಂಗಿಕೊಂಡ.

ಒಂದು ಶನಿವಾರ ಮಧ್ಯಾಹ್ನ ಎಡವಟ್ಟಾಯಿತು. ಬೆಳಗಿನ ಪಾಳಿ ಮುಗಿಸಿ ಅವನು ಮನೆಗೆ ಬಂದಾಗ ಶಿವಗಂಗಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಪಾಠ ಉದ್ದವಾಗಿತ್ತು. ಈಗ ಬರೀ ಮಾತಲ್ಲ, ಅದಕ್ಕೊಂದು ಹೆಸರೂ ಸೇರಿತ್ತು. "ಯೊ ಕಿಯೆರೊ ಆ ನಾಗರಾಜು. ಯೊ ಕಿಸೆ ಆ ನಾಗರಾಜು. ಯೊ ಕೆರ್ರೆ ಆ ನಾಗರಾಜು." ಹಾಡಿನ ಹಾಗೆ ಹೇಳುತ್ತಿದ್ದಳು.

ಉಗ್ರಪ್ಪ ಚಪ್ಪಲಿ ಬಿಡದೆ ನಿಂತುಬಿಟ್ಟ. ಹೇಗೆ ಬಂದನೋ ಹಾಗೇ ತಿರುಗಿ ಹೋದ. ಹೋದದ್ದು ಸೀದಾ ಮಾಗಡಿ ರಸ್ತೆಯ ಬೀಡಿ ಅಂಗಡಿಗೆ. ಬಂಗಲೆಯ ಅಡುಗೆಯವನು ಕೈತಾನ ಅಂತ ಗೋವೆಯವನು ಆ ಹೊತ್ತಿನಲ್ಲಿ ದಿನಾ ಅಲ್ಲಿಗೆ ಬರುತ್ತಿದ್ದ. ಗೋವೆಯಲ್ಲಿ ಪೋರ್ಚುಗೀಸರ ಭಾಷೆ ಕಲಿತವನಾದ್ದರಿಂದ, ಅದಕ್ಕೆ ಹತ್ತಿರದ್ದೇ ಆದ ಸಿಸ್ಟರುಗಳ ಮಾತು ಅವನಿಗೆ ಅರ್ಥವಾಗುತ್ತಿತ್ತು.

ಉಗ್ರಪ್ಪ ಕೇಳಿದ್ದಕ್ಕೆ ಕೈತಾನ ಅರ್ಥ ಹೇಳಿದ. ಕಿಯೆರೊ ಅಂದರೆ ಪ್ರೀತಿಸುತ್ತೇನೆ. ಕಿಸೆ ಅಂದರೆ ಪ್ರೀತಿಸಿದೆ. ಕೆರ್ರೆ ಅಂದರೆ ಪ್ರೀತಿಸುತ್ತೇನೆಯೇ, ಆದರೆ ಮುಂದೆ.

ಉಗ್ರಪ್ಪ ಬಿರುಸಾಗಿ ಮನೆಗೆ ಬಂದ. ಅಟ್ಟದ ಮೇಲಿದ್ದ ಅವಳ ಟ್ರಂಕನ್ನು ಎಳೆದು ಜಗಲಿಗೆ ಎಸೆದ.

"ಬಟ್ಟೆ ತುಂಬ್ಕೊ. ಸಾಯಂಕಾಲದ ರೈಲಿಗೆ ಕೆಂಗೇರಿಗೆ ಬಿಟ್ಟು ಬರ್ತೀನಿ. ನಿಮ್ಮಪ್ಪನ ಮನೇಲೇ ಇದ್ಬಿಡು!"

"ಯಾಕೆ? ನಾನೇನು ಮಾಡ್ದೆ?" ಅಂದಳು ಅವಳು, ಒದ್ದೆ ಕೈಯಲ್ಲಿ.

"ಏನು ಮಾಡ್ದೆಯಾ? ಹಿಂದೆ ಪ್ರೀತಿಸಿದ್ದೆ, ಈಗ್ಲೂ ಪ್ರೀತಿಸ್ತೀನಿ, ಮುಂದೇನೂ ಪ್ರೀತಿಸ್ತೀನಿ ಅಂತೀಯಲ್ಲ ಆ ನನ್ಮಗನ್ನ! ಒಂದು ಕಾಲಾನಾದ್ರೂ ನನಗೆ ಬಿಟ್ಟಿದೀಯಾ?"

ಶಿವಗಂಗಮ್ಮ ಏನೋ ಹೇಳಲು ಬಾಯಿ ತೆರೆದಳು. ಅವನು ಕೇಳಲು ನಿಲ್ಲಬೇಕಲ್ಲ! ಮೊದಲು ಆ ನಾಗರಾಜುವಿನ ಕತ್ತಿನ ಪಟ್ಟಿ ಹಿಡಿದು ಎರಡು ಬಿಟ್ಟು ಬರುತ್ತೇನೆ, ಆಮೇಲೆ ರೈಲು, ಅಂತ ಬೀದಿಗಿಳಿದ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ಆ ಟ್ರಂಕು ಜಗಲಿಗೆ ಬಿದ್ದಾಗ ನನ್ನೊಳಗೆ ಒಂದು ಮೂಲೆಯಲ್ಲಿ ಸಂತೋಷವಾಯಿತು. ಇವಳು ಹೋದರೆ ಉಪ್ಪಿನ ಜಾಡಿಯಿಂದ ಹಿಡಿದು ಎಲ್ಲ ಮತ್ತೆ ನನ್ನ ಕೈಗೆ ಬರುತ್ತದೆ, ತಮ್ಮ ಮತ್ತೆ ನನ್ನ ತಮ್ಮನಾಗುತ್ತಾನೆ ಅನ್ನಿಸಿತು. ಆದರೆ ಅವನು ಜಾಬರ್ ಮೇಲೆ ಕೈಮಾಡಿದರೆ ಕೆಲಸ ಹೋಗುತ್ತದೆ, ಅದು ನೆನಪಾಗಿ ಸೆರಗು ಬಿಗಿದು ಅವನ ಹಿಂದೆ ಓಡಿದೆ. ಶಿವಗಂಗಮ್ಮ ನನ್ನ ಹಿಂದೆ ಓಡಿಬಂದಳು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು.

ನಾಗರಾಜು ತನ್ನ ಜಗಲಿಯಲ್ಲಿ ಸೈಕಲ್ ಮಗುಚಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದ. ನಮ್ಮವನನ್ನು ನೋಡಿ, "ಏನು ಗುರು, ಬಾ ಬಾ, ಕೂತ್ಕೊ" ಅಂದ. ಉಗ್ರಪ್ಪ ತೋಳು ಏರಿಸಿದ. ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ವಿಮಲಮ್ಮನ ದನಿ ಗಟ್ಟಿಯಾಗಿ ಕೇಳಿಸಿತು.

"ಯೊ ಕಿಯೆರೊ ಆ ಉಗ್ರಪ್ಪ. ಯೊ ಕಿಸೆ ಆ ಉಗ್ರಪ್ಪ. ಯೊ ಕೆರ್ರೆ ಆ ಉಗ್ರಪ್ಪ."

ಅಯ್ಯೋ ನನ್ನ ತಮ್ಮನ ಮುಖ ನೋಡಬೇಕಿತ್ತು! ಏರಿಸಿದ ತೋಳು ಹಾಗೇ ನಿಂತಿತು. ನಾಗರಾಜುವಿನ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಏರಿದ ಕೈ ನಿಧಾನವಾಗಿ ಮೀಸೆಯ ಮೇಲೆ ಹೋಯಿತು. ಮೂದೇವಿ! ಹೆಂಡತಿಯನ್ನು ರೈಲು ಹತ್ತಿಸಲು ಹೊರಟವನು ಇಲ್ಲಿ ಮೀಸೆ ನೀವಿಕೊಳ್ಳುತ್ತಾನೆ.

"ದಿನಾ ಇದೇ ಕಣಯ್ಯ. ನಿನ್ ಹೆಸರು ಯಾಕೆ ಬರುತ್ತೆ ಅಂತ ನಾನೂ ಕೇಳ್ಬೇಕು ಅಂತಿದ್ದೆ" ಅಂದ ನಾಗರಾಜು. ಅರ್ಥ ಗೊತ್ತಿಲ್ಲದವನು ಪಾಪ, ನೆಮ್ಮದಿಯಾಗಿದ್ದ.

ಆಗ ಶಿವಗಂಗಮ್ಮ ನನ್ನನ್ನು ಸರಿಸಿ ಮುಂದೆ ಬಂದು, "ವಿಮಲಾ, ಆಚೆ ಬಾರೇ!" ಅಂತ ಕೂಗಿದಳು. ಅಷ್ಟು ದೊಡ್ಡ ದನಿ ಅವಳಲ್ಲಿ ಇದೆ ಅಂತ ನನಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಬಾಯಿಬಿಟ್ಟರು. ಪಾಠಕ್ಕೆ ಒಂದು ಹೆಸರು ಬೇಕಾಗಿತ್ತಂತೆ. ಸಿಸ್ಟರ್ ಪಿಲಾರ್ ಒಬ್ಬೊಬ್ಬರ ತಾಳಿಯನ್ನೂ ಬೆರಳಲ್ಲಿ ಮುಟ್ಟಿ, ಇದನ್ನು ಕಟ್ಟಿದವನ ಹೆಸರು ಹೇಳು ಅಂದಳಂತೆ. ಗಂಡನ ಹೆಸರನ್ನು ಯಾವ ಹೆಂಗಸು ಬಾಯಲ್ಲಿ ತರುತ್ತಾಳೆ? ಎಲ್ಲರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡರಂತೆ. ಪಾಪ, ಆ ಹುಡುಗಿಯ ಕಣ್ಣಲ್ಲಿ ನೀರೇ ಬಂತಂತೆ, ಈ ದೇಶದಲ್ಲಿ ಯಾರಿಗೂ ಗಂಡನ ಮೇಲೆ ಆಸೆ ಇಲ್ಲವೇನೋ ಅಂತ. ಆಗ ಇವರಿಬ್ಬರೂ, ಬರೀ ಪಾಠ ತಾನೇ ಅಂತ, ಒಪ್ಪಂದ ಮಾಡಿಕೊಂಡರು: ನಿನ್ನ ಯಜಮಾನರ ಹೆಸರು ನಾನು ಹೇಳುತ್ತೇನೆ, ನನ್ನವರದನ್ನು ನೀನು ಹೇಳು. ಅವರನ್ನು ನೋಡಿ ಮಿಕ್ಕವರೂ ಜೋಡಿ ಜೋಡಿಯಾಗಿ ಹಾಗೇ ಮಾಡಿದರಂತೆ. ಸಿಸ್ಟರಿಗೆ ಯಾರ ಗಂಡ ಯಾರು ಅಂತ ಹೇಗೆ ಗೊತ್ತಾಗಬೇಕು? ಬಹಳ ಖುಷಿಪಟ್ಟಳಂತೆ.

ಬೀದಿಯೆಲ್ಲ ನಕ್ಕಿತು. ಅರ್ಥ ತಿಳಿದ ಮೇಲೆ ನಾಗರಾಜು ಮಾತ್ರ ನಗಲಿಲ್ಲ. ನಮ್ಮವನ ಮೀಸೆಯ ಕಡೆ ಒಂದು ಥರ ನೋಡಿದ. ಮಾರನೇ ವಾರ ಮಿಲ್ಲಿನಲ್ಲಿ ಉಗ್ರಪ್ಪನನ್ನು ದೂರದ ಸಾಲಿಗೆ ಹಾಕಿಸಿದ. ಅದಕ್ಕೂ ನಮ್ಮವನಿಗೆ ಖುಷಿಯೇ, "ಹೊಟ್ಟೆಕಿಚ್ಚು ಬಡ್ಡೀಮಗನಿಗೆ" ಅಂತ.

ಆ ಶನಿವಾರದ ಸಂಜೆಯೇ ಟ್ರಂಕು ಅಟ್ಟಕ್ಕೆ ವಾಪಸ್ ಹೋಯಿತು. ಊಟಕ್ಕೆ ಕೂತ ಉಗ್ರಪ್ಪ ಮುದ್ದೆ ಮುಟ್ಟಲಿಲ್ಲ. ಒಳಗೆ ಇನ್ನೂ ಏನೋ ಕುಟುಕುತ್ತಿತ್ತು. ಶಿವಗಂಗಮ್ಮ ಸಾರಿನ ಸೌಟು ಹಿಡಿದು ನಿಂತಿದ್ದಳು. ಮಧ್ಯಾಹ್ನದಿಂದ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ನಾನು ಅಡುಗೆಮನೆಯ ಒಳಗೆ ಒಲೆಯ ಹತ್ತಿರ ಕೂತು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

"ಅವಳು ನನ್ ಹೆಸರು ಹಾಕಿ ಹೇಳಿದ್ಲು. ನೀನು ಅವನ ಹೆಸರು ಹಾಕಿ ಹೇಳ್ದೆ. ನನಗೆ ಏನು ಬಂತು?" ಅಂದ.

"ಊಟ ಮಾಡಿ."

"ಒಂದ್ಸಲ ನನ್ ಹೆಸರು ಹಾಕಿ ಹೇಳು. ಇಲ್ಲಿ ಯಾರಿದಾರೆ? ಅಕ್ಕ ತಾನೇ."

"ಬಿಡ್ತು ಅನ್ನಿ. ಕಟ್ಕೊಂಡೋಳು ಗಂಡನ ಹೆಸರು ಹೇಳಿದ್ರೆ ಆಯುಸ್ಸು ಕಮ್ಮಿ ಆಗುತ್ತೆ."

"ಎಷ್ಟು ಆಗುತ್ತೆ?" ಅಂದ ಉಗ್ರಪ್ಪ. ತಮಾಷೆಗೆ ಕೇಳಲಿಲ್ಲ. ಸಣ್ಣ ಹುಡುಗನ ಹಾಗೆ ಅವಳ ಮುಖ ನೋಡುತ್ತಿದ್ದ. "ಒಂದು ವರ್ಷ? ಹೋದ್ರೆ ಹೋಗ್ಲಿ. ನಾನು ಕೊಡ್ತೀನಿ. ನೀನು ಹೇಳು."

ಅವಳು ಸೌಟನ್ನು ಪಾತ್ರೆಗೆ ಹಾಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಒಂದು ದಿನಾನೂ ಕೊಡಲ್ಲ ನಾನು" ಅಂದಳು.

ಉಗ್ರಪ್ಪ ತಲೆ ತಗ್ಗಿಸಿ ಮುದ್ದೆ ಮುರಿದ.

ನನ್ನ ಹೊಟ್ಟೆಕಿಚ್ಚು ಭಗ್ಗೆಂದಿತು. ತಮ್ಮನಿಗೆ ನಾಗರಾಜುವಿನ ಮೇಲಿದ್ದದ್ದು ಏನೂ ಅಲ್ಲ, ಹಾಗೆ ಉರಿಯಿತು. ಹಿತ್ತಲ ಬಾಗಿಲು ತೆಗೆದು ಹೊರಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ನನ್ನ ಯಜಮಾನರು ಇದ್ದಷ್ಟು ಕಾಲ ಅವರ ಹೆಸರನ್ನು ಒಂದು ಸಲವೂ ಬಾಯಲ್ಲಿ ತಂದವಳಲ್ಲ ನಾನು. ಅದೇ ಹೆಸರಿನ ಬೇರೆಯವರನ್ನೂ ಹೆಸರಿಟ್ಟು ಕರೆದವಳಲ್ಲ. ಅಷ್ಟು ಜೋಪಾನ ಮಾಡಿದರೂ ಹೋದರು.

"ಬೈರಪ್ಪ" ಅಂದೆ. ಯಾರಿಗೂ ಕೇಳಿಸದ ಹಾಗೆ. ಆಮೇಲೆ ಗಟ್ಟಿಯಾಗಿಯೇ ಅಂದೆ. ಇನ್ನು ಅದರಿಂದ ಕಳೆದುಹೋಗುವ ಆಯುಸ್ಸು ಯಾವುದೂ ಇರಲಿಲ್ಲ.